ಎಮ್ಮೆಯ ಪಾಲಿನ ಪಲಾವ್

ಇಂದಿರಾನಗರದ ನೂರಡಿ ರಸ್ತೆಯಲ್ಲಿ ಬಂಗಲೆಗಳೆಲ್ಲ ಹೋಟೆಲುಗಳಾಗುತ್ತಿದ್ದ ಕಾಲ. ಅಂಥದೊಂದರ ಮಧ್ಯಾಹ್ನದ ಬಫೆಗೆ ನಾನು ಕ್ಯಾಪ್ಟನ್, ಅಂದರೆ ಸಪ್ಲೈಯರುಗಳ ಮೇಲೆ ಕೂಗಾಡುವ ಕೆಲಸ. ನಮ್ಮ ಮಾಲೀಕರಿಗೆ ಒಂದು ಹುಚ್ಚಿತ್ತು. ಬಾಗಿಲು ಹಾಕುವ ತನಕ ಬಫೆಯ ಪಾತ್ರೆಗಳು ತುಂಬಿ ತುಳುಕುತ್ತಿರಬೇಕು. ಕೊನೆಯ ಗಿರಾಕಿ ಮೊಸರನ್ನಕ್ಕೆ ಬಂದಿದ್ದರೂ ಸರಿ, ಪಲಾವಿನ ತಳ ಕಾಣಿಸಿತೋ ಅವರ ಮಾನವೇ ಹೋಯಿತು. ಆಮೇಲೆ ಕೆಲಸದವರು ಒಯ್ದು ಮಿಕ್ಕದ್ದನ್ನೆಲ್ಲ ಡ್ರಮ್ಮಿಗೆ ಚೆಲ್ಲುವುದು.

ಇಂಥವರು ಒಂದು ದಿನ ಊಟ ಪೋಲಾಗುವುದನ್ನು ತಡೆಯಲು ಹೊರಟರು. ಟೈ ಕಟ್ಟಿದವನೊಬ್ಬನನ್ನು ಕರೆಸಿ ಸಲಹೆ ಕೇಳಿದರು. ಅವನು ಬಫೆಯ ಕಡೆ ತಿರುಗಿಯೂ ನೋಡಲಿಲ್ಲ, ನೆಟ್ಟಗೆ ಅಡುಗೆಮನೆಗೆ ನುಗ್ಗಿದ. "ಉಳಿದಿದ್ದು ಸ್ಟಾಫ್‌ಗೆ ಸಿಗುತ್ತೆ ಅಂತ ಗೊತ್ತಿದ್ರೆ ಬೇಕಂತಲೇ ಜಾಸ್ತಿ ಮಾಡ್ತಾರೆ ಸರ್," ಎಂದ. ಮಾರನೆಯ ದಿನದಿಂದ ಉಳಿದ ಊಟದ ಮೇಲೆ ಫಿನಾಯಿಲ್ ಸುರಿಯುವುದು ಶುರುವಾಯಿತು. ಬುದ್ಧಿ ಅಂದರೆ ಇದು!

ಪಾತ್ರೆ ತೊಳೆಯುವ ಹೆಂಗಸು ಕಲಬುರಗಿ ಕಡೆಯವಳು. ಹಲಸೂರಿನ ವಠಾರವೊಂದರಲ್ಲಿ ಬಾಡಿಗೆ ಕೋಣೆ, ಚಿಕ್ಕ ಮಕ್ಕಳು. ಅವರ ರಾತ್ರಿಯೂಟ ನಮ್ಮ ಬಫೆಯಲ್ಲಿ ಉಳಿದದ್ದೇ. "ಯಾರೂ ಮುಟ್ಟಿಲ್ರಿ ಈ ಅನ್ನ. ಹುಡುಗ್ರಿಗೆ ಒಯ್ತೀನ್ರಿ," ಎಂದು ಅವಳು ಬೇಡಿಕೊಂಡಳು. "ರೂಲ್ಸ್ ಅಂದ್ರೆ ರೂಲ್ಸ್ ಕಣಮ್ಮ," ಎಂದು ಮಾಲೀಕರು ಅವಳ ಮುಖವನ್ನೂ ನೋಡದೆ ಹೊರಟುಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆದರೆ ಈ ಜಾಣರಿಬ್ಬರೂ ಒಂದನ್ನು ಮರೆತಿದ್ದರು. ಆ ವಠಾರದ ಒಡತಿ ಹಳೆಯ ಒಕ್ಕಲು ಮನೆತನದವಳು. ಹೊಲವೆಲ್ಲ ಸೈಟಾಗಿ ಬಾಡಿಗೆ ಬರುತ್ತಿದ್ದರೂ ಎಮ್ಮೆ ಸಾಕುವುದನ್ನು ಬಿಟ್ಟಿರಲಿಲ್ಲ. ನಮ್ಮ ಅಡುಗೆಮನೆಯ ಕಲಗಚ್ಚು, ಅಂದರೆ ಅಕ್ಕಿ ತೊಳೆದ ನೀರು, ತಟ್ಟೆಗಳಲ್ಲಿ ಬಿಟ್ಟದ್ದು, ಯಾರೂ ಒಯ್ಯದೆ ಮಿಕ್ಕದ್ದು, ಎಲ್ಲ ಮೊದಲಿನಿಂದಲೂ ಆ ಎಮ್ಮೆಗೇ. ಅದರ ಗಟ್ಟಿ ಹಾಲು ಮಾಲೀಕರ ಮನೆಗೆ. ಫಿನಾಯಿಲ್ ಬಿದ್ದ ಡ್ರಮ್ಮೂ ಎಂದಿನಂತೆ ಅಲ್ಲಿಗೇ ಹೋಯಿತು. ಎಮ್ಮೆ ಹೊಟ್ಟೆ ಕೆಟ್ಟು ಮಲಗಿತು.

ಒಡತಿ ಊಟದ ಹೊತ್ತಿಗೇ, ಮುಂಬಾಗಿಲಿನಿಂದಲೇ ಬಂದಳು. "ಏನಯ್ಯಾ, ಬಾಯಿಲ್ಲದ ಪ್ರಾಣಿಗೆ ಫಿನಾಯ್ಲು ಕುಡಿಸ್ತೀಯಾ? ಅದ್ರ ಹಾಲೇ ಅಲ್ವೇನಯ್ಯಾ ನೀನು ಕುಡಿಯೋದು?" ಗಿರಾಕಿಗಳು ತಟ್ಟೆ ಹಿಡಿದು ನಿಂತಲ್ಲೇ ನಿಂತರು. "ತಪ್ಪಾಯ್ತಮ್ಮ, ತಪ್ಪಾಯ್ತು," ಎಂದು ಮಾಲೀಕರು ಎರಡೂ ಕೈ ಮುಗಿದರು. ಹಾಲಿನ ಯೋಚನೆ ಬಂದಾಗ ರೂಲ್ಸು ಎಲ್ಲಿ ಹೋಯಿತೋ!

ಫಿನಾಯಿಲ್ ಅವತ್ತೇ ನಿಂತಿತು. ಎಮ್ಮೆ ಚೇತರಿಸಿಕೊಂಡಿತು. ಅದಕ್ಕೆಂದೇ ಮುಚ್ಚಳವಿರುವ ಹೊಸ ಸ್ಟೀಲ್ ಡಬ್ಬಿ ಬಂತು. ಮುಟ್ಟದ ಅನ್ನವನ್ನು ಅದರಲ್ಲಿ ಬೇರೆಯಾಗಿ ತುಂಬಿ ಕಳಿಸಬೇಕೆಂದು ಅಪ್ಪಣೆಯಾಯಿತು. ಹೊತ್ತುಕೊಂಡು ಹೋಗುವವಳು ಪಾತ್ರೆ ತೊಳೆಯುವವಳೇ. ಒಡತಿ ಡಬ್ಬಿ ತೆರೆದು ಮೊದಲು ಅವಳ ಮಕ್ಕಳಿಗೆ ಬಡಿಸಿ, ಮಿಕ್ಕದ್ದನ್ನು ಎಮ್ಮೆಗೆ ಹಾಕುತ್ತಿದ್ದಳು. ಇದು ಅಡುಗೆಮನೆಯವರಿಗೆಲ್ಲ ಗೊತ್ತು, ಮಾಲೀಕರೊಬ್ಬರಿಗೆ ಗೊತ್ತಿಲ್ಲ. ಅವರು ಬಫೆಯನ್ನು ಕೊನೆಯ ತನಕ ತುಂಬಿಸುತ್ತಲೇ, "ನಮ್ಮಲ್ಲಿ ಒಂದಗಳೂ ವೇಸ್ಟ್ ಆಗಲ್ಲ, ಗೊತ್ತಾ?" ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು.

ಸಂಜೆ ಅವಳು ಡಬ್ಬಿ ಎತ್ತಿಕೊಂಡು ಹೊರಟಾಗ ಮಾಲೀಕರು ಗಲ್ಲಾದಿಂದಲೇ ವಿಚಾರಿಸುತ್ತಿದ್ದರು: "ಎಮ್ಮೆ ಚೆನ್ನಾಗಿ ತಿಂತಾ ಇದೆಯೇನಮ್ಮ?"

"ತಿನ್ನಾಕತ್ತೈತ್ರಿ."

ಈ ಊರಿನಲ್ಲಿ ಮುಖಪರಿಚಯವಷ್ಟೇ ಇರುವ ಆಟೋದವನೂ ಎದುರಾದರೆ "ಊಟ ಆಯ್ತಾ?" ಅನ್ನುತ್ತಾನೆ. ನಾನು ಅಲ್ಲಿದ್ದಷ್ಟು ವರ್ಷವೂ ಆ ಮಹಾನುಭಾವರು ಅವಳನ್ನು ಒಂದು ಸಲವಾದರೂ ಹಾಗೆ ಕೇಳಲಿಲ್ಲ. ಎಮ್ಮೆಯ ಊಟ ಮಾತ್ರ ದಿನವೂ ವಿಚಾರಿಸಿದರು.