ಶರಣಮ್ಮನ ಸೌತೆಕಾಯಿ

ನನ್ನ ಮೊಮ್ಮಗ ಚಿರು ನಾಲ್ಕು ವರ್ಷದವನಿದ್ದಾಗ ಆಸ್ಪತ್ರೆ ಸೇರಿದ್ದು ನನ್ನ ಕೈಯಿಂದ. ಆ ತಪ್ಪನ್ನು ಹೊತ್ತುಕೊಂಡು ಹೋದವಳು ನಮಗೆ ತರಕಾರಿ ತರುತ್ತಿದ್ದ ಶರಣಮ್ಮ. ನನಗೆ ಗೊತ್ತಿತ್ತು. ಆವತ್ತೇ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅದಾಗಿ ನಾಲ್ಕು ವರ್ಷವಾಯಿತು.

ನಾನಿರುವುದು ಮಗಳು ಶುಭಾಳ ಮನೆಯಲ್ಲಿ, ಹೈದರಾಬಾದಿನ ನಾಚಾರಂ ಕಡೆ. ಸುತ್ತ ಕಾರ್ಖಾನೆಗಳ ಶೆಡ್ಡು, ನಡುವೆ ನಮ್ಮ ಅಪಾರ್ಟ್‌ಮೆಂಟು. ಮಕ್ಕಳಿಗೆ ಔಷಧ ಹೊಡೆಯದ ತರಕಾರಿ ತಿನ್ನಿಸಬೇಕೆಂದು ಶುಭಾ ಒಂದು ಹೊಲದಿಂದ ವಾರದ ಪೆಟ್ಟಿಗೆಗೆ ಸಬ್‌ಸ್ಕ್ರಿಪ್ಷನ್ ಮಾಡಿಸಿದಳು. ಏನು ಬರುತ್ತದೆಂದು ಮೊದಲೇ ಹೇಳುವಂತಿಲ್ಲ, ಹೊಲದಲ್ಲಿ ಬಂದದ್ದು ಪೆಟ್ಟಿಗೆಗೆ. ಶನಿವಾರ ಬೆಳಿಗ್ಗೆ ಶರಣಮ್ಮನ ಗಂಡ ಕೆಳಗೆ ಟೆಂಪೋ ನಿಲ್ಲಿಸಿದರೆ ಅವಳು ಪೆಟ್ಟಿಗೆ ಹೊತ್ತು ಮೇಲೆ ಬರುತ್ತಿದ್ದಳು. ಅವಳ ತವರು ಬೀದರ್ ಕಡೆ, ಆ ಹೊಲ ಅವರದೇ, ಜಹೀರಾಬಾದ್ ದಾಟಿ ಎಲ್ಲೋ. ನಮ್ಮ ಮನೆಯಲ್ಲಿ ಕನ್ನಡ ಕೇಳಿದ ದಿನ ಅವಳ ಮುಖ ನೋಡಬೇಕಿತ್ತು — "ಅಮ್ಮಾರ, ಉಳಿದ ಮನ್ಯಾಗ ತೆಲುಗು ಮಾತಾಡಿ ಮಾತಾಡಿ ದವಡಿ ನೋಯ್ತಾವ್ರಿ. ಇಲ್ಲಿ ಬಂದ್ರ ಆರಾಮ್ ಅನಸ್ತದ."

ಪೆಟ್ಟಿಗೆ ತೆರೆಯುವುದು ಮಕ್ಕಳ ಹಕ್ಕು. ಚಿರುಗೆ ಎರಡು ಕಾಲಿನ ಗಜ್ಜರಿ ಸಿಕ್ಕರೆ "ಇದು ಪ್ಯಾಂಟ್ ಹಾಕ್ಕೊಂಡದ!" ಎಂದು ಮನೆ ತುಂಬ ಕುಣಿತ. ಅವನ ಅಕ್ಕ ಅನ್ವಿ, ಆಗ ಆರು ವರ್ಷ, ಪುಂಡಿಪಲ್ಲೆ, ರಾಜಗಿರಿ, ಮೆಂತ್ಯ ಎಂದು ಸೊಪ್ಪುಗಳನ್ನು ಮೂಸಿಯೇ ಹೇಳುವಷ್ಟಾಗಿದ್ದಳು. ಅನ್ವಿ ಒಮ್ಮೆ ಸೊಟ್ಟ ಸೌತೆಕಾಯಿ ನೋಡಿ ಮೂಗು ಮುರಿದಾಗ ಶರಣಮ್ಮ, "ಅದು ನನ್ನಂಗ ಡೊಂಕ ಅದ, ತಂಗಿ. ಮೊದಲ ತಿನ್ನು, ಆಮ್ಯಾಲ ನಗು" ಎಂದಿದ್ದಳು. ತಿಂದ ಮೇಲೆ ಅನ್ವಿ ನಗಲಿಲ್ಲ, ಇನ್ನೊಂದು ಕೇಳಿದಳು.

ಇಷ್ಟು ಸುಖವಿತ್ತು. ನನಗೆ ಮಾತ್ರ ಸಮಾಧಾನವಿರಲಿಲ್ಲ.

ನಾನು ಬೆಳೆದದ್ದು ಕಾನ್ವೆಂಟ್ ಬೋರ್ಡಿಂಗಿನಲ್ಲಿ. ಅಲ್ಲಿ ಸಿಸ್ಟರ್‌ಗಳು ಹಸಿಯಾಗಿ ತಿನ್ನುವುದನ್ನೆಲ್ಲ ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ನಾವು ಅದನ್ನು ಪಿಂಕ್ ವಾಟರ್ ಅನ್ನುತ್ತಿದ್ದೆವು. ಹೈಜೀನ್ ಎಂದರೆ ನನಗೆ ಇವತ್ತಿಗೂ ಆ ಬಣ್ಣವೇ. ಪೆಟ್ಟಿಗೆಯ ತರಕಾರಿಗೆ ಅದು ಬೇಡವೆಂದು ಶುಭಾ ಖಡಾಖಂಡಿತವಾಗಿ ಅಂದಿದ್ದಳು: "ಮಮ್ಮಿ, ಇದು ಔಷಧ ಹೊಡ್ದ ತರಕಾರಿ ಅಲ್ಲ. ನಿನಗ ಕಣ್ಣು ಬ್ಯಾರೆ ಕಾಣಂಗಿಲ್ಲ. ಮಕ್ಕಳಿರೋ ಮನ್ಯಾಗ ಆ ಪುಡಿ ಬ್ಯಾಡ." ಆಯ್ತು ಅಂದೆ. ಪ್ರಾಮಿಸ್ ಅಂತಲೂ ಅಂದೆ. ಪುಡಿಯನ್ನು ಹಳೆಯ ಟಾಲ್ಕಮ್ ಡಬ್ಬಿಯಲ್ಲಿ ಹಾಕಿ ನನ್ನ ಸೀರೆಗಳ ಹಿಂದೆ ಇಟ್ಟೆ. ಶುಭಾ ಮನೆಯಲ್ಲಿಲ್ಲದಾಗ ತೊಳೆಯುತ್ತಿದ್ದೆ — ಎಷ್ಟೋ ಶನಿವಾರ.

ಆ ಶನಿವಾರ ನೇರಳೆ ಹಣ್ಣೂ ಬಂದಿತ್ತು. ಮಕ್ಕಳ ನಾಲಿಗೆ ಆಗಲೇ ನೀಲಿ. ನಾನು ಸೌತೆಕಾಯಿ ಮುಳುಗಿಸಿಟ್ಟ ಬೋಗುಣಿಯ ನೀರಿಗೆ ಒಂದು ಚಿಟಿಕೆ ಪುಡಿ ಹಾಕಿದೆ. ಕಣ್ಣಿಗೆ ಪೊರೆ — ನೀರು ಪಿಂಕ್ ಆಗಿದೆಯೋ ಕಪ್ಪಾಗಿದೆಯೋ ಕಾಣಿಸಲಿಲ್ಲ, ಇನ್ನೊಂದು ಚಿಟಿಕೆ ಹಾಕಿದೆ. ಕರಗದೆ ಉಳಿದರೆ ಬಾಯಿ ಸುಡುವ ಹರಳು; ಕರಗಿತೋ ಇಲ್ಲವೋ ನೋಡಲಿಲ್ಲ. ಫೋನ್ ಬಂತೆಂದು ಆಚೆ ಹೋದೆ. ಬರುವಷ್ಟರಲ್ಲಿ ಚಿರು ಬೋಗುಣಿಯಿಂದ ಸೌತೆಕಾಯಿ ತೆಗೆದು ಕಚ್ಚಿ ತಿಂದಿದ್ದ.

ಬಾಯಿ ಉರಿ, ವಾಂತಿ, ಚೀರಾಟ. ನಾನು ಮೊದಲು ಮಾಡಿದ್ದೇನು ಗೊತ್ತೇ — ಬೋಗುಣಿಯ ನೀರು ಚೆಲ್ಲಿದೆ. ಮಗುವನ್ನು ಎತ್ತಿಕೊಂಡದ್ದು ಆಮೇಲೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, ಸೌತೆಕಾಯಿಯನ್ನು ಯಾವುದರಲ್ಲಿ ತೊಳೆದಿರಿ ಎಂದು. ತುಟಿಯ ಕಲೆಯನ್ನು ಎಲ್ಲರೂ ನೇರಳೆ ಹಣ್ಣಿನದೆಂದುಕೊಂಡಿದ್ದರು. ಶುಭಾ ಪಕ್ಕದಲ್ಲೇ ಇದ್ದಳು. ಹೇಳಿದರೆ ಇವಳು ಇನ್ನು ಮಕ್ಕಳನ್ನು ನನ್ನ ಕೈಗೆ ಬಿಡುವುದಿಲ್ಲ — ಅಷ್ಟೇ ತಲೆಯಲ್ಲಿ ಬಂತು. ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದೆ: "ಪ್ಲೇನ್ ವಾಟರ್, ಡಾಕ್ಟರ್. ಓನ್ಲಿ ಪ್ಲೇನ್ ವಾಟರ್."

ಹಾಗಾದರೆ ಕ್ರಿಮಿನಾಶಕ ಇರಬಹುದು ಎಂದರು ಅವರು. ನನ್ನ ಸುಳ್ಳನ್ನು ನಂಬಿ ಮಗುವಿಗೆ ಚಿಕಿತ್ಸೆ ನಡೆಯಿತು. ಮರುದಿನ ಸಂಜೆ ಚಿರು ನಗುತ್ತ ಮನೆಗೆ ಬಂದ. ಏನಾದರೂ ಆಗಿದ್ದರೆ — ಆ ವಾಕ್ಯವನ್ನು ಇವತ್ತಿಗೂ ಮುಗಿಸಲು ಆಗಿಲ್ಲ.

ಪೆಟ್ಟಿಗೆಯ ತರಕಾರಿಯಲ್ಲಿ ವಿಷವಿತ್ತೆಂದು ಶುಭಾ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆದಳು. ಪೆಟ್ಟಿಗೆ ತರಿಸುತ್ತಿದ್ದ ಮನೆಗಳೆಲ್ಲ ಒಂದೊಂದಾಗಿ ಬೇಡ ಅಂದವು. ಮೂರನೆಯ ದಿನ ಶರಣಮ್ಮ ಬಂದಳು. ಒಳಗೆ ಬರಲಿಲ್ಲ. ಮೂಲೆಯಲ್ಲಿ ಹಾಗೇ ಇದ್ದ ಪೆಟ್ಟಿಗೆಯನ್ನು ಕೇಳಿ ಇಸಿದುಕೊಂಡು, ಅದರಿಂದ ಒಂದು ಬಾಡಿದ ಸೌತೆಕಾಯಿ ತೆಗೆದು, ಸೆರಗಿಗೆ ಕೂಡ ಒರೆಸದೆ ಕರಕರ ಕಚ್ಚಿದಳು. "ನೋಡ್ರಿ ಅಕ್ಕಾರ, ನನ್ನ ಮಕ್ಕಳೂ ಇದನ್ನೇ ತಿಂತಾವ. ನಾವು ಔಷಧ ಹೊಡ್ದಿಲ್ರಿ, ನನ್ನ ಮಕ್ಕಳಾಣಿ." ಶುಭಾ ಮುಖ ತಿರುಗಿಸಿದಳು. ಆಗ ಶರಣಮ್ಮ ನನ್ನ ಕಡೆ ನೋಡಿದಳು. "ಅಮ್ಮಾರ, ನೀವರ ಹೇಳ್ರಿ."

ಹೇಳಬಹುದಿತ್ತು. ಡಬ್ಬಿ ಒಳಗಿನ ಕೋಣೆಯಲ್ಲೇ ಇತ್ತು. ನಾನು ಅಂದದ್ದು: "ಕೂಸಿನ ವಿಷಯ ನೋಡು ಶರಣಮ್ಮ... ರಿಸ್ಕ್ ತೊಗೊಳಾಕ ಬರಂಗಿಲ್ಲ." ಬಾಯಲ್ಲಿದ್ದ ತುಂಡನ್ನು ಅವಳು ಅಗಿದು ನುಂಗಿದಳು. ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದಳು. ಮತ್ತೆ ಅವಳನ್ನು ನಾನು ನೋಡಿಲ್ಲ.

ಈ ಬೇಸಿಗೆಯಲ್ಲಿ ಕೊನೆಗೂ ಶುಭಾಗೆ ಹೇಳಿದೆ. "ಗ್ರೂಪಿನ್ಯಾಗ ಬರೆದಾಕಿ ನಾನು, ಮಮ್ಮಿ" ಅಂದಳು. ಶರಣಮ್ಮನ ನಂಬರ್ ಈಗ ಚಾಲ್ತಿಯಲ್ಲಿಲ್ಲ. ಊರಿನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಪೆಟ್ಟಿಗೆ ತರಿಸುತ್ತಿದ್ದ ಮನೆಗಳಿಗೆ ನಾನೇ ಹೋಗಿ ಹೇಳಿದೆ. ಅರ್ಧ ಮನೆಗಳಲ್ಲಿ ಹೊಸಬರು, ಯಾವ ಶರಣಮ್ಮ ಎಂದರು. ಉಳಿದವರು ಕಾಫಿ ಕೊಟ್ಟು, "ಹಳೆ ಮಾತು, ಬಿಡಿ ಆಂಟಿ" ಎಂದರು. ಅವಳ ಹೆಸರನ್ನು ತೊಳೆದು ಕೊಡೋಣವೆಂದರೆ ಇಸಿದುಕೊಳ್ಳಲು ಯಾರೂ ಇಲ್ಲ.

ಚಿರುಗೂ ಹೇಳಿದೆ. ಈಗ ಎಂಟು ವರ್ಷ. ಹಸಿ ತರಕಾರಿಯನ್ನು ಅವನು ಅಂದಿನಿಂದ ಮುಟ್ಟಿಲ್ಲ, ಅದರಲ್ಲಿ ವಿಷವಿರುತ್ತದೆ ಅನ್ನುತ್ತಾನೆ. ಎಲ್ಲ ಕೇಳಿ, "ಹಂಗಾದ್ರ ಆಕಿ ಸುಳ್ಳು ಹೇಳಿದ್ದಿಲ್ಲಾ?" ಎಂದ.

"ಇಲ್ಲಪ್ಪ."

"ನೀ ಹೇಳಿದ್ದಿ."

"ಹೌದು."

ಸಿಟ್ಟು ಮಾಡಲಿಲ್ಲ, ಆಡಲು ಹೋದ. ಆದರೆ ಅಂದಿನಿಂದ ನಾನು ಏನು ಕೊಟ್ಟರೂ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿ ನೋಡುತ್ತಾನೆ, ಆಮೇಲೆ ತಿನ್ನುತ್ತಾನೆ. ನಾನು ಎದುರಿಗೇ ಕೂತಿರುತ್ತೇನೆ.