ಅಜ್ಜಿ ಇಟ್ಟುಕೊಂಡ ಎಲ್ಲೆ

ಮೊನ್ನೆ ಕಾಶಿಯ ಹನುಮಾನ್ ಘಾಟಿನ ಗಲ್ಲಿಯಲ್ಲಿ ಯಾರ ಮನೆಯಿಂದಲೋ ಮೆಂತ್ಯ, ಕೊತ್ತಂಬರಿ ಬೀಜ ಹುರಿಯುವ ವಾಸನೆ ಬಂತು. ಸಾರಿನ ಪುಡಿಯದ್ದೇ, ಅನುಮಾನವಿಲ್ಲ. ಗೋಡೆ ಹಿಡಿದು ನಿಂತೆ. ನಾವಿದ್ದ ಮನೆ ಈಗ ಯಾತ್ರಿಕರ ವಸತಿ. ಆದರೆ ಆ ವಾಸನೆಯೊಳಗೆ ನಮ್ಮ ಅಂಗಳ ಹಾಗೇ ಇತ್ತು. ಬಿಸಿಲು ಮೇಲಿಂದ ನೀರಿನಂತೆ ಇಳಿಯುತ್ತಿತ್ತು, ಅಮ್ಮನ ತಾಯಿ, ನನ್ನ ಅಜ್ಜಿ, ಬಾಣಲೆಯ ಮುಂದೆ ಕೂತಿದ್ದಳು. ಹಾಸನದ ಕಡೆಯ ಹಳ್ಳಿಯಿಂದ ಅವಳು ಬಂದದ್ದು ಇಲ್ಲಿ ಪ್ರಾಣ ಬಿಡಲಿಕ್ಕೆ. ಸಾಯುವವರೆಗೆ ಕಾಶಿಯ ಎಲ್ಲೆ ದಾಟುವುದಿಲ್ಲವೆಂದು ಗಂಗೆಯಲ್ಲಿ ನಿಂತು ಸಂಕಲ್ಪ ಮಾಡಿದ್ದಳು. ಆಚೆ ಎಲ್ಲೋ ಸತ್ತರೆ ಬಂದದ್ದೆಲ್ಲ ವ್ಯರ್ಥ.

ಅಪ್ಪ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಒಂದು ಸಂಜೆ ಶಾಲೆಯ ಪಾಠ ಓದುತ್ತ, ಕಾನೂನಿಗೆ ‘ಲಾ’ ಅನ್ನುತ್ತಾರಲ್ಲ, ಆ ಪದ ಎಲ್ಲಿಂದ ಬಂತೆಂದು ಕೇಳಿದೆ. ಅದರ ಬೇರಿನಲ್ಲಿರುವ ಅರ್ಥ ‘ಇಟ್ಟದ್ದು’ ಎಂದರು ಅಪ್ಪ. ಕಡಲು ದಾಟಿ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಉತ್ತರ ಯುರೋಪಿನ ಜನ ತಂದ ಮಾತು. ಕಲ್ಲನ್ನು ನೆಲಕ್ಕಿಟ್ಟಂತೆ ಎಲ್ಲರಿಗಾಗಿ ಇಟ್ಟದ್ದು.

“ಇಟ್ಟದ್ದಾ?” ಅಜ್ಜಿ ನಕ್ಕಳು. “ಹಾಗಾದ್ರೆ ನಿಮ್ಮನೇಲಿ ಲಾ ಇಲ್ಲ ಬಿಡಿ ಅಳಿಯಂದಿರೇ. ಇಟ್ಟದ್ದು ಇಟ್ಟಲ್ಲಿ ಒಂದೂ ಇರಲ್ಲ.”

ಆ ಚಳಿಗಾಲ ಚಿಕ್ಕಮ್ಮ ತಾಯಿಯನ್ನು ನೋಡಲು ಊರಿಂದ ರೈಲು ಹತ್ತಿದಳು. ದಾರಿಯಲ್ಲೇ ಜ್ವರ ನೆತ್ತಿಗೇರಿ, ಜೊತೆಯವರು ಅವಳನ್ನು ನದಿಯಾಚೆ ದಡದಲ್ಲಿ, ಕಾಶಿಯ ಎಲ್ಲೆಯ ಹೊರಗಿದ್ದ ಪುಟ್ಟ ಆಸ್ಪತ್ರೆಗೆ ಸೇರಿಸಿದರು. ಫೋನು ಬಂದಾಗ ಅಮ್ಮ ಅತ್ತಳು. ಅಪ್ಪ ಅಜ್ಜಿಗೆ, “ನೀವು ಬರೋದು ಬೇಡ ಅತ್ತೆ, ಸಂಕಲ್ಪ ಇದೆ, ನಾವು ನೋಡ್ಕೋತೀವಿ” ಎಂದರು. ಅಜ್ಜಿ ಶಾಲು ಹೊದ್ದು ಆಗಲೇ ಹೊಸ್ತಿಲಲ್ಲಿದ್ದಳು.

“ಅದನ್ನ ಇಟ್ಟವಳು ನಾನೇ ಅಲ್ವಾ? ಎತ್ತೋಕೆ ಯಾರನ್ನ ಕೇಳ್ಲಿ? ಆಟೋ ಕರೀರಿ.”

ಪಕ್ಕದ ಸೋನಾರ್‌ಪುರದಲ್ಲಿ ಹತ್ತಿದ ಆಟೋ ಸೇತುವೆಗೆ ಬಂದಾಗ ಮಂಜಿನಲ್ಲಿ ನದಿಯೂ ಆಕಾಶವೂ ಒಂದೇ ಆಗಿದ್ದವು. ಅಜ್ಜಿ ಕಣ್ಣು ಮುಚ್ಚಿ ನನ್ನ ಕೈ ಹಿಡಿದಿದ್ದಳು. ಸೇತುವೆಗೆ ಹೆದರಿದ್ದಾಳೆಂದುಕೊಂಡ ಆಟೋದವನು, “ಪುಲ್ ಪಾರ್ ಹೋ ಗಯಾ ಮಾತಾಜಿ, ಡರಿಯೇ ಮತ್” ಎಂದ.

“ದಾಟಿತಂತೆ ಅಜ್ಜಿ” ಎಂದೆ.

“ಇಷ್ಟೇನಾ?” ಎಂದಳು.

ಮಗಳ ಮಂಚದ ಬಳಿಯಿಂದ ಅವಳು ಕದಲಲಿಲ್ಲ. ಚಿಕ್ಕಮ್ಮನ ಜ್ವರ ಇಳಿದ ಬೆಳಿಗ್ಗೆ ಮಂಜೂ ಕರಗಿತ್ತು. ನಾನು ಗಂಜಿ ತಂದಾಗ ಅಜ್ಜಿ ಸ್ಟೂಲಿನ ಮೇಲೆ ಕೂತಂತೆಯೇ ಮಂಚಕ್ಕೆ ತಲೆಯಿಟ್ಟಿದ್ದಳು. ಕರೆದೆ. ಏಳಲಿಲ್ಲ.

“ನನ್ನಿಂದ ಅಮ್ಮನಿಗೆ ಕಾಶಿ ತಪ್ಪಿತು” ಎಂದು ಚಿಕ್ಕಮ್ಮ ಇಂದಿಗೂ ಹೇಳುತ್ತಾಳೆ. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ. ಕಿಟಕಿಯಾಚೆ, ನೀರಿನ ಆ ಬದಿಗೆ, ಕಾಶಿ ಎಳೆಬಿಸಿಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಳೆಯುತ್ತಿತ್ತು. ಅಜ್ಜಿ ಅದಕ್ಕೆ ಬೆನ್ನು ಮಾಡಿ, ಮಗಳ ಕಡೆ ಮುಖ ಮಾಡಿ ಕೂತಿದ್ದಳು.