ಗುರುವಾರದ ವಾಕ್ಯ

ಆಗೆಲ್ಲ ನಮ್ಮೂರಿನಲ್ಲಿ ಹೊತ್ತು ತಿಳಿಯಲು ಗಡಿಯಾರ ಬೇಕಿರಲಿಲ್ಲ. ಕನಕಪುರದ ರಸ್ತೆಯಾಚೆಯ ಕಲ್ಲು ಕ್ವಾರಿಯಲ್ಲಿ ಸೀಟಿ ಊದಿ, ಆಮೇಲೆ ಬಂಡೆ ಸಿಡಿದು ಢಂ ಅಂದರೆ ಮಧ್ಯಾಹ್ನ ಒಂದು ಗಂಟೆ. ಶಾಲೆಯ ಹೆಂಚಿನಿಂದ ಧೂಳು ಉದುರಿ ಬಿಸಿಯೂಟದ ಸಾರಿಗೆ ಬೀಳುತ್ತಿತ್ತು. ನಾವು ಹಾಗೇ ಕಲಸಿಕೊಂಡು ಉಣ್ಣುತ್ತಿದ್ದೆವು.

ಅಪ್ಪ ಆ ಕ್ವಾರಿಯಲ್ಲಿ ಬಂಡೆಗೆ ಕುಳಿ ಕೊರೆಯುತ್ತಿದ್ದ. ಅವನ ಜೊತೆಗಾರ ಸಿದ್ದಣ್ಣ. ಸಿದ್ದಣ್ಣನ ಮಗಳು ಮಂಜುಳಾ ನನ್ನ ಬೆಂಚಿನವಳು. ನಮ್ಮ ಕುಂಟೆಬಿಲ್ಲೆ ಆಟಕ್ಕೆ ಸಿದ್ದಣ್ಣನೇ ಕಲ್ಲುಚೂರು ತಿದ್ದಿ ಬಿಲ್ಲೆ ಮಾಡಿ ಕೊಡುತ್ತಿದ್ದ.

ಏಳನೇ ಕ್ಲಾಸಿನಲ್ಲಿ ಒಂದು ಬುಧವಾರ ಇಂಗ್ಲಿಷ್ ಮೇಷ್ಟ್ರು ‘ಹ್ಯಾಪನ್’ ಪಾಠ ಮಾಡಿದರು. ಏನೋ ಆಯಿತು ಅಂದರೆ ಸಾಲದು. ಯಾರಿಗೆ ಆಯಿತೋ ಅವರಿಗೆ ‘ಟು’, ಎಲ್ಲಿ ಆಯಿತೋ ಅದಕ್ಕೆ ‘ಅಟ್’, ಯಾವ ದಿನವೋ ಅದಕ್ಕೆ ‘ಆನ್’. ನಮ್ಮ ಮಾತಿನಲ್ಲಿ ಬಾಲದ ಹಾಗೆ ಹಿಂದೆ ಅಂಟುವ ಪ್ರತ್ಯಯ ಅವರಲ್ಲಿ ಮೂಗುದಾರದ ಹಾಗೆ ಮುಂದೆ ಬರುತ್ತದೆ ಅಂದರು. ಮದುವೆ, ಮೀಟಿಂಗು ‘ಟೇಕ್ ಪ್ಲೇಸ್’ ಆಗುತ್ತವೆ, ಅವಕ್ಕೆ ‘ಟು’ ಸೇರಿಸಬೇಡಿ. ‘ಟು’ ಬಂತೆಂದರೆ ಹೆಚ್ಚಾಗಿ ಕೆಡುಕೇ ಅಂದರು. ಮೂರನ್ನೂ ಸೇರಿಸಿ ಒಂದು ವಾಕ್ಯ ಬರೆದು ತರಬೇಕಿತ್ತು.

ನಾನು ಒಲೆಯ ಬೆಳಕಿನಲ್ಲಿ ಬರೆದೆ: ಆ್ಯನ್ ಆ್ಯಕ್ಸಿಡೆಂಟ್ ಹ್ಯಾಪನ್ಡ್ ಟು ಮೈ ಫಾದರ್ ಅಟ್ ದ ಕ್ವಾರಿ ಆನ್ ಥರ್ಸ್‌ಡೇ.

ಮುದ್ದೆ ತಿರುವುತ್ತಿದ್ದ ಅಜ್ಜಿ ಅರ್ಥ ಕೇಳಿದಳು. ಗುರುವಾರ ಕ್ವಾರಿಯಲ್ಲಿ ಅಪ್ಪನಿಗೆ ಅಪಘಾತ ಆಯಿತು ಅಂತ ಜಂಬದಿಂದ ಹೇಳಿದೆ. ಅವಳ ಕೈ ನಿಂತಿತು.

“ಬುಡ್ತು ಅನ್ನು ಮಗ.”

ಕೆಟ್ಟ ಮಾತು ಬಾಯಿಗೆ ಬಂದರೆ ‘ಬಿಡ್ತು’ ಅಂದು ಅಲ್ಲಿಗೇ ಕಡಿದುಹಾಕುವುದು ನಮ್ಮ ಮನೆಯ ರೂಢಿ. ಆದರೆ ಇದು ಇಂಗ್ಲಿಷು.

“ಹೋಂವರ್ಕ್ ಕಣಜ್ಜಿ ಇದು. ಬುಡ್ತು ಅಂದ್ರೆ ಮೇಷ್ಟ್ರು ಮಾರ್ಕ್ಸ್ ಕೊಡಲ್ಲ.”

ಎಷ್ಟು ಗೋಗರೆದರೂ ನಾನು ಅನ್ನಲಿಲ್ಲ. ಮುದ್ದೆ ತಳ ಹಿಡಿಯಿತು. ಮಾರನೇ ದಿನವೇ ಗುರುವಾರ ಅಂತ ಅಜ್ಜಿ ಅಪ್ಪನನ್ನು ಕೆಲಸಕ್ಕೆ ಬಿಡಲಿಲ್ಲ. ಅಪ್ಪ ಮೊದಲು ನಕ್ಕ, ಆಮೇಲೆ ಹೆತ್ತವಳ ಮಾತಿಗೆ ಸೋತ. ಜ್ವರ ಅಂತ ಹೇಳಿ, ಅವತ್ತು ರಜೆಯಿದ್ದ ಸಿದ್ದಣ್ಣನನ್ನು ತನ್ನ ಬದಲಿಗೆ ಕಳಿಸಿದ.

ಒಂದು ಗಂಟೆಗೆ ಸೀಟಿ ಕೇಳಿಸಿತು, ಢಂ ಅಂದಿತು. ನಾವು ಉಂಡು ತಟ್ಟೆ ತೊಳೆದು ಕ್ಲಾಸಿಗೆ ಬಂದು ಕೂತಿದ್ದೆವು. ಆಗ ಇನ್ನೊಂದು ಸಲ ಢಂ ಅಂದಿತು. ಈ ಸಲ ಸೀಟಿ ಇರಲಿಲ್ಲ. ಮೇಷ್ಟ್ರ ಸೀಮೆಸುಣ್ಣ ಬೋರ್ಡಿನ ಮೇಲೇ ನಿಂತಿತು. ಸ್ವಲ್ಪ ಹೊತ್ತಿಗೆ ಅವರಿಗೆ ಫೋನ್ ಬಂತು. ಮಾತು ಮುಗಿಸಿ ನಮ್ಮ ಬೆಂಚಿನ ಕಡೆ ನೋಡಿದರು. ಮಂಜುಳಾಳನ್ನು ಕರೆದರು.

ಸಿಡಿಯದೆ ಕುಳಿಯಲ್ಲಿ ಉಳಿದಿದ್ದ ಮದ್ದಿಗೆ ಸಿದ್ದಣ್ಣ ಹಿಡಿದಿದ್ದ ಡ್ರಿಲ್ ತಾಗಿತ್ತಂತೆ.

ನಾನು ಮನೆಗೆ ಓಡಿದೆ. ಅಪ್ಪ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅವನನ್ನು ತಬ್ಬಿ ಹಿಡಿದೆ, ಅಂಗಿಯಲ್ಲಿ ಬೀಡಿ ವಾಸನೆ. ನನಗೆ ಸಂತೋಷವಾಯಿತು. ಓಣಿಯಾಚೆ ಮಂಜುಳಾಳ ಅವ್ವ ಅಳುವುದು ಕೇಳುತ್ತಿದ್ದಾಗಲೇ ಸಂತೋಷವಾಯಿತು. ಅದಕ್ಕೆ ಇವತ್ತಿಗೂ ನಾಚಿಕೆಪಡುತ್ತೇನೆ.

ತಿಥಿ ಮುಗಿದ ಮೇಲೆ ತಾಯಿ ಮಗಳು ಮಾಗಡಿ ಕಡೆಯ ತಿಪ್ಪಸಂದ್ರಕ್ಕೆ, ತವರಿಗೆ ಹೊರಟುಹೋದರು. ಬೆಂಚಿನಲ್ಲಿ ನಾನೊಬ್ಬಳೇ ಉಳಿದೆ.

ಹೋದ ವರ್ಷ ಹಾರೋಹಳ್ಳಿ ಬಸ್‌ ಸ್ಟಾಪಿನಲ್ಲಿ ಯಾರೋ ಕೈ ಹಿಡಿದರು. ಫ್ಯಾಕ್ಟರಿಯ ಯೂನಿಫಾರಂ ತೊಟ್ಟ ಮಂಜುಳಾ. ಮಕ್ಕಳು, ಮನೆ ಎಲ್ಲ ವಿಚಾರಿಸಿಕೊಂಡೆವು. ಬಸ್ಸು ಬರುವಾಗ ಅವಳು ಸುಮ್ಮನೆ ಕೇಳಿದಳು:

“ನಿಮ್ಮಪ್ಪ ಅವತ್ತು ಯಾಕೆ ಹೋಗ್ಲಿಲ್ಲ?”

“ಜ್ವರ ಇತ್ತು ಕಣೆ.”

“ನಮ್ಮವ್ವನೂ ಅಂಗೇ ಅಂತಿತ್ತು. ಜ್ವರ ಬಂದ್ರೆ ಯಾರೇನ್ ಮಾಡಕಾಯ್ತದೆ ಬುಡು.”

ಅವಳು ನಂಬರ್ ಕೊಟ್ಟು ಹೋದಳು. ಇನ್ನೂ ಫೋನ್ ಮಾಡಿಲ್ಲ. ಮಾಡಿದರೆ ಮಾತಾಡಬೇಕು, ಆ ಜ್ವರದ ಮಾತು ಬಿಟ್ಟರೆ ಅವಳ ಹತ್ತಿರ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.